ಜೈಲಿನಲ್ಲಿ ಕೆಲಸಕ್ಕೆ ಸೇರಬೇಕು ಅಂದುಕೊಂಡಿದ್ದೀರಾ? ಅರ್ಜಿ ಹಾಕುವ ಮುಂಚೆ ಮಾಡಬೇಕಾದ ಕೆಲಸಗಳು

ಒಂದು ಬ್ಯಾರಕ್‌ನಲ್ಲಿ 60 ಕೈದಿಗಳು. ಅವರ ನಡುವೆ ನೀವೊಬ್ಬರೇ. ಸೊಂಟದಲ್ಲಿ ಬಂದೂಕು ಇಲ್ಲ. ಒಂದು ವಾಕಿಟಾಕಿ, ಒಂದು ಬೀಗದ ಕೈ ಗೊಂಚಲು, ಅಷ್ಟೇ. ಒಬ್ಬ ಹತ್ತಿರ ಬಂದು, "ಸಾರ್, ಒಂದೇ ಒಂದು ಫೋನ್ ಮಾಡ್ಲಾ? ಅಮ್ಮನಿಗೆ ಹುಷಾರಿಲ್ಲ" ಎನ್ನುತ್ತಾನೆ. ಫೋನ್ ಸಮಯ ಮುಗಿದು ಹತ್ತು ನಿಮಿಷ ಆಗಿದೆ. ಉಳಿದ 59 ಜನರ ಕಿವಿ ನಿಮ್ಮ ಕಡೆಗೇ ಇದೆ. ಏನು ಹೇಳುತ್ತೀರಿ?

ಈ ಕೆಲಸದ ಬಗ್ಗೆ ಯೋಚಿಸುವವರು ಸಾಮಾನ್ಯವಾಗಿ ಕೇಳುವುದು ಸಂಬಳ ಎಷ್ಟು, ಎತ್ತರ ಎಷ್ಟಿರಬೇಕು, ಪರೀಕ್ಷೆ ಕಷ್ಟವಾ ಅಂತ. ಕೇಳಲಿ, ಅವೂ ಬೇಕಾದ ಪ್ರಶ್ನೆಗಳೇ. ಆದರೆ ಅದಕ್ಕಿಂತ ಮುಂಚೆ ಮೇಲಿನ ಪ್ರಶ್ನೆಯನ್ನು ಸ್ವಲ್ಪ ದಿನ ತಲೆಯಲ್ಲಿ ಇಟ್ಟುಕೊಳ್ಳಿ. ಜೈಲು ಸಿಬ್ಬಂದಿ ದಿನವಿಡೀ "ಇಲ್ಲ" ಅನ್ನಬೇಕಾಗುತ್ತದೆ. ಆ "ಇಲ್ಲ"ವನ್ನು ಕೋಪ ಮಾಡಿಕೊಳ್ಳದೆ, ಎದುರಿನವರಿಗೆ ಅವಮಾನ ಮಾಡದೆ, ಮರುದಿನ ಮಾತು ಬದಲಿಸದೆ ಹೇಳುವವರಿಗೆ ಈ ಕೆಲಸ ಒಗ್ಗುತ್ತದೆ. ಮೈಕಟ್ಟು, ಗಟ್ಟಿ ದನಿ ಎಲ್ಲ ಆಮೇಲಿನ ಮಾತು.

ಕರೆಕ್ಷನಲ್ ಆಫೀಸರ್, ವಾರ್ಡರ್, ಜೈಲು ಅಧಿಕಾರಿ ಅಂತ ಒಂದೊಂದು ಕಡೆ ಒಂದೊಂದು ಹೆಸರು. ನಾನಿಲ್ಲಿ ಹೇಳುವುದು ಕೈದಿಗಳ ಜೊತೆ ನೇರವಾಗಿ ನಿಂತು ಕೆಲಸ ಮಾಡುವವರ ಬಗ್ಗೆ. ಮೊದಲು ಹತ್ತೂ ಹೆಜ್ಜೆಗಳನ್ನು ಓದಿ ಮುಗಿಸಿ. ಮೊದಲ ಮೂರು ಹೆಜ್ಜೆ ಮತ್ತು ಒಂಬತ್ತನೇ ಹೆಜ್ಜೆ ಮುಗಿಯುವ ತನಕ ಅರ್ಜಿ ಮುಟ್ಟಬೇಡಿ.

ಹೆಜ್ಜೆ 1: ಒಂದು ಪಾಳಿಯಲ್ಲಿ ಏನೇನು ಆಗುತ್ತದೆ ಅಂತ ತಿಳಿದುಕೊಳ್ಳಿ

ಸಿನಿಮಾದ ಜೈಲಿನಲ್ಲಿ ದಿನಾ ಹೊಡೆದಾಟ. ನಿಜವಾದ ಪಾಳಿಯಲ್ಲಿ ಜಾಸ್ತಿ ಇರುವುದು ಎಣಿಸುವುದು, ಬೀಗ ಹಾಕುವುದು, ತೆಗೆಯುವುದು, ಪುಸ್ತಕದಲ್ಲಿ ಬರೆಯುವುದು, ಕಾಯುವುದು.

ಗೇಟಿನಲ್ಲಿ ನಿಮ್ಮ ಸ್ವಂತ ಮೊಬೈಲ್ ಬಿಟ್ಟು ಒಳಗೆ ಹೋಗುತ್ತೀರಿ. ಎಷ್ಟೋ ಕಡೆ ನಿಮ್ಮನ್ನೂ ತಪಾಸಣೆ ಮಾಡುತ್ತಾರೆ. ಬೀಗದ ಕೈಗಳನ್ನು ಎಣಿಸಿ, ಸಹಿ ಹಾಕಿ ತೆಗೆದುಕೊಳ್ಳುತ್ತೀರಿ. ಹಿಂದಿನ ಪಾಳಿಯವರು ವಿಷಯ ಒಪ್ಪಿಸುತ್ತಾರೆ. ಯಾರು ಕೋರ್ಟಿನಿಂದ ಬಂದ, ಯಾರು ಊಟ ಬಿಟ್ಟಿದ್ದಾನೆ, ಯಾರಿಗೆ ಮನೆಯಿಂದ ಕೆಟ್ಟ ಸುದ್ದಿ ಬಂದಿದೆ, ಯಾರಿಬ್ಬರನ್ನು ಒಟ್ಟಿಗೆ ಬಿಡಬಾರದು. ಈ ಹತ್ತು ನಿಮಿಷದ ಮಾತನ್ನು ಸರಿಯಾಗಿ ಕೇಳಿಸಿಕೊಂಡರೆ ಮುಂದಿನ ಎಂಟು ಗಂಟೆ ಅರ್ಧ ಹಗುರ. ಆಮೇಲೆ ಎಣಿಕೆ, ಊಟ, ಔಷಧಿ, ಕೋರ್ಟಿಗೆ ಕಳಿಸುವುದು, ಮನೆಯವರ ಭೇಟಿ, ಸೆಲ್ ತಪಾಸಣೆ, ಮತ್ತೆ ಎಣಿಕೆ.

ಎಣಿಕೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ರಾತ್ರಿ ಟಾರ್ಚ್ ಹಿಡಿದು ಒಂದೊಂದೇ ಸೆಲ್ ಮುಂದೆ ನಿಲ್ಲುತ್ತೀರಿ. ಒಳಗೆ ಒಬ್ಬ ತಲೆ ತನಕ ಹೊದ್ದು ಮಲಗಿದ್ದಾನೆ. ಹೊದಿಕೆ ಉಬ್ಬಿದೆ, ಆಯಿತು ಒಂದು ಅಂತ ಲೆಕ್ಕ ಹಾಕಿ ಮುಂದೆ ಹೋಗುವ ಹಾಗಿಲ್ಲ. ಮೈ ಕಾಣಬೇಕು. ಎದೆ ಏರಿಳಿಯುವುದು ಕಾಣಬೇಕು. ಅದು ಕಾಣುವ ತನಕ ಅಲ್ಲೇ ನಿಲ್ಲಬೇಕು. ಕಾಣಲಿಲ್ಲ ಅಂದರೆ ಎಬ್ಬಿಸಬೇಕು, ಅವನು ಬೈದರೂ ಸರಿ. 1962ರ ಜೂನ್‌ನಲ್ಲಿ ಅಮೆರಿಕದ ಆಲ್ಕಟ್ರಾಜ್ ಜೈಲಿನಿಂದ ಮೂರು ಜನ ತಪ್ಪಿಸಿಕೊಂಡರು. ಹೋಗುವ ಮುಂಚೆ ಹಾಸಿಗೆಯಲ್ಲಿ ನಕಲಿ ತಲೆ ಮಾಡಿ ಇಟ್ಟಿದ್ದರು. ಅದಕ್ಕೆ ಜೈಲಿನ ಕ್ಷೌರದ ಕೋಣೆಯಿಂದ ತಂದ ನಿಜವಾದ ಕೂದಲು ಅಂಟಿಸಿದ್ದರು. ರಾತ್ರಿಯ ಎಣಿಕೆಗಳೆಲ್ಲ ಸರಿಯಾಗಿಯೇ ಬಂದವು. ಗೊತ್ತಾಗಿದ್ದು ಬೆಳಗಾದ ಮೇಲೆ.

ತಪ್ಪಿಸಿಕೊಳ್ಳುವುದು ಅಪರೂಪ. ಎಣಿಕೆಗೆ ಇನ್ನೊಂದು ಕಾರಣ ಇದೆ, ನನಗೆ ಅದೇ ದೊಡ್ಡದು. ಜೈಲಿಗೆ ಬಂದ ಮೊದಲ ಕೆಲವು ದಿನ ಕೈದಿಗಳು ಜೀವ ಕಳೆದುಕೊಳ್ಳುವ ಅಪಾಯ ಜಾಸ್ತಿ. ನಿನ್ನೆ ತನಕ ಮನೆಯಲ್ಲಿದ್ದವನು ಇವತ್ತು ಇಲ್ಲಿ. ಮುಖ ತೋರಿಸುವುದು ಹೇಗೆ ಅನ್ನುವ ಯೋಚನೆ, ಕುಡಿತ ಅಥವಾ ಡ್ರಗ್ಸ್ ಒಂದೇ ಸಲ ನಿಂತ ಸಂಕಟ, ಎರಡೂ ಸೇರಿಕೊಂಡಿರುತ್ತವೆ. ರಾತ್ರಿ ಎರಡು ಗಂಟೆಗೆ ಅವನ ಉಸಿರು ನೋಡಲು ಒಂದು ನಿಮಿಷ ನಿಲ್ಲುವವರು ನೀವೊಬ್ಬರೇ.

ಒಳಗೆ ಇರುವವರೆಲ್ಲ ಅಪರಾಧಿಗಳು ಅಂತಲೂ ಅಂದುಕೊಳ್ಳಬೇಡಿ. ತೀರ್ಪು ಬರದ ವಿಚಾರಣಾಧೀನ ಕೈದಿಗಳೂ ಇರುತ್ತಾರೆ. ಮಾನಸಿಕ ಕಾಯಿಲೆ ಇರುವವರು, ಚಟಕ್ಕೆ ಬಿದ್ದವರು, ಓದು ಬರಹ ಬಾರದವರು, ವಯಸ್ಸಾದವರು ಇರುತ್ತಾರೆ. ನಿಜವಾಗಿಯೂ ಅಪಾಯಕಾರಿಯಾದವರು ಇದ್ದೇ ಇರುತ್ತಾರೆ. ಮುಖ ನೋಡಿ ಹೇಳಲು ಆಗುವುದಿಲ್ಲ.

ಬಂದೂಕು ಯಾಕಿಲ್ಲ ಅಂತ ಹೊಸಬರು ಕೇಳುತ್ತಾರೆ. ಕಾರಣ ಸರಳ. 60 ಜನರ ನಡುವೆ ಒಬ್ಬರ ಕೈಯಲ್ಲಿರುವ ಆಯುಧ ಕಸಿದುಕೊಳ್ಳುವುದು ಕಷ್ಟವಲ್ಲ. ಕೈದಿಗಳ ಜೊತೆ ನೇರವಾಗಿ ಕೆಲಸ ಮಾಡುವ ಸಿಬ್ಬಂದಿ ವಿಶೇಷ ಸಂದರ್ಭ ಬಿಟ್ಟು ಆಯುಧ ಇಟ್ಟುಕೊಳ್ಳಬಾರದು ಅಂತ, ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ ಮಾಡಿದ ನೆಲ್ಸನ್ ಮಂಡೇಲಾ ನಿಯಮಗಳೂ ಹೇಳುತ್ತವೆ. ಹಾಗಾದರೆ ನಿಮ್ಮನ್ನು ಕಾಪಾಡುವುದು ಏನು? ಜನರ ಪರಿಚಯ. ಯಾರ ಮುಖ ಇವತ್ತು ಸರಿಯಿಲ್ಲ, ದಿನಾ ಗಲಾಟೆ ಇರುವ ಮೂಲೆ ಯಾಕೆ ಸುಮ್ಮನಿದೆ, ಊಟದ ಸಾಲಿನಲ್ಲಿ ಯಾರು ಯಾರಿಗೆ ಜಾಗ ಬಿಟ್ಟುಕೊಟ್ಟರು, ಇಂಥವು ಕಣ್ಣಿಗೆ ಬೀಳಬೇಕು. ಈ ಕ್ಷೇತ್ರದಲ್ಲಿ ಇದಕ್ಕೆ ಡೈನಮಿಕ್ ಸೆಕ್ಯುರಿಟಿ ಅನ್ನುತ್ತಾರೆ. ಗೋಡೆ, ಕ್ಯಾಮೆರಾ ಎಷ್ಟಿದ್ದರೂ ಇದಿಲ್ಲದೆ ಜೈಲು ನಡೆಯುವುದಿಲ್ಲ.

ಹೆಜ್ಜೆ 2: ನಿಮ್ಮನ್ನು ನೀವೇ ವಿಚಾರಿಸಿಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ.

ಯಾಕೆ ಸೇರಬೇಕು ಅನಿಸಿದೆ? ಖಾಯಂ ಕೆಲಸ, ತಿಂಗಳು ತಿಂಗಳು ಸಂಬಳ ಅಂತಾದರೆ ಅದರಲ್ಲಿ ನಾಚಿಕೆ ಏನೂ ಇಲ್ಲ. ಒಳ್ಳೆಯ ಸಿಬ್ಬಂದಿ ಎಷ್ಟೋ ಜನ ಹಾಗೇ ಬಂದವರು. ಜನರಿಗೆ ಒಳ್ಳೆಯದು ಮಾಡಬೇಕು ಅಂತಾದರೆ ಇನ್ನೂ ಸಂತೋಷ, ಆದರೆ ಎಲ್ಲರನ್ನೂ ಬದಲಾಯಿಸುತ್ತೇನೆ ಅನ್ನುವ ಆಸೆ ಇಟ್ಟುಕೊಂಡು ಹೋದವರು ಬೇಗ ಸೋಲುತ್ತಾರೆ. "ಕಳ್ಳರಿಗೆ ಬುದ್ಧಿ ಕಲಿಸಬೇಕು" ಅಂತಾದರೆ ದಯವಿಟ್ಟು ಬೇರೆ ಕೆಲಸ ನೋಡಿ. ಶಿಕ್ಷೆ ಕೊಡುವುದು ಕೋರ್ಟಿನ ಕೆಲಸ, ಅದು ಆಗಲೇ ಮುಗಿದಿದೆ. ಸ್ವಾತಂತ್ರ್ಯ ಹೋಗಿರುವುದೇ ಆ ಶಿಕ್ಷೆ. ಅದರ ಮೇಲೆ ಒಂದು ಚೂರೂ ಸೇರಿಸುವ ಹಕ್ಕು ನಿಮಗಿಲ್ಲ.

ಇನ್ನೂ ಕೆಲವು ಪ್ರಶ್ನೆ. ಕಳೆದ ಸಲ ನಿಮಗೆ ಯಾರಾದರೂ ಎಲ್ಲರ ಮುಂದೆ ಬೈದಾಗ ಏನು ಮಾಡಿದಿರಿ? ಯಾರಾದರೂ ಬೇಜಾರಾಗುತ್ತಾರೆ ಅಂತ ಆಗದ ಕೆಲಸಕ್ಕೂ ಹೂಂ ಅನ್ನುವ ಅಭ್ಯಾಸ ಇದೆಯಾ? ಮಗುವಿಗೆ ಹಿಂಸೆ ಕೊಟ್ಟವನು ಜ್ವರ ಅಂತ ನಡುಗುತ್ತಿದ್ದಾಗ ಡಾಕ್ಟರನ್ನು ಕರೆಸುತ್ತೀರಾ, ಬೇರೆಯವರಿಗೆ ಕರೆಸುವಷ್ಟೇ ಬೇಗ? ಹಬ್ಬದ ದಿನ, ಮನೆಯ ಕಾರ್ಯದ ದಿನ ಪಾಳಿ ಬಿದ್ದರೆ ಹೋಗಲು ಸಿದ್ಧರಿದ್ದೀರಾ?

ಯೂನಿಫಾರ್ಮ್ ಹಾಕಿದರೆ ಮನುಷ್ಯ ಕ್ರೂರಿ ಆಗಿಬಿಡುತ್ತಾನಂತೆ ಅಂತ ಹೆದರಿಸುವವರು ಸ್ಟ್ಯಾನ್‌ಫೋರ್ಡ್ ಪ್ರಯೋಗದ ಹೆಸರು ಹೇಳುತ್ತಾರೆ. 1971ರ ಆಗಸ್ಟ್‌ನಲ್ಲಿ ಫಿಲಿಪ್ ಜಿಂಬಾರ್ಡೊ ಎಂಬ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಗಳನ್ನು ಕೈದಿಗಳು, ಕಾವಲುಗಾರರು ಅಂತ ಎರಡು ಗುಂಪು ಮಾಡಿ ನಕಲಿ ಜೈಲು ನಡೆಸಿದರು. ಎರಡು ವಾರ ನಡೆಯಬೇಕಿದ್ದದ್ದು ಕಾವಲುಗಾರರ ಕಿರುಕುಳದಿಂದಾಗಿ 6 ದಿನಕ್ಕೆ ನಿಂತಿತು. ಆದರೆ ಆಮೇಲೆ ಹೊರಬಂದ ಧ್ವನಿಮುದ್ರಣಗಳಿಂದ ಇನ್ನೊಂದು ವಿಷಯ ತಿಳಿಯಿತು. ಪ್ರಯೋಗ ನಡೆಸಿದವರೇ ಕಾವಲುಗಾರರಿಗೆ ಗಟ್ಟಿಯಾಗಿರಿ ಅಂತ ಹುರಿದುಂಬಿಸಿದ್ದರು. ಅಂದರೆ ಬಟ್ಟೆಗಿಂತ ಮೇಲಿನವರ ಮಾತಿಗೆ ಬಲ ಜಾಸ್ತಿ. ಹಾಗಾಗಿ ನೀವು ಎಂಥವರು ಅನ್ನುವುದರ ಜೊತೆಗೆ, ಸೇರುವ ಜೈಲು ಎಂಥದ್ದು ಅನ್ನುವುದನ್ನೂ ನೋಡಬೇಕು.

ಹೆಜ್ಜೆ 3: ಜಾಗದ ಬಗ್ಗೆ ವಿಚಾರಿಸಿ

ಈಗ ಅಲ್ಲಿ ಕೆಲಸ ಮಾಡುತ್ತಿರುವವರು ಒಬ್ಬರು, ಬಿಟ್ಟು ಹೋದವರು ಒಬ್ಬರು, ಕನಿಷ್ಠ ಇಬ್ಬರ ಜೊತೆ ಕೂತು ಮಾತಾಡಿ. ಬಿಟ್ಟು ಹೋದವರ ಮಾತು ಜಾಸ್ತಿ ಉಪಯೋಗಕ್ಕೆ ಬರುತ್ತದೆ. "ಕೆಲಸ ಹೇಗಿದೆ?" ಅಂತ ಕೇಳಿದರೆ "ಪರವಾಗಿಲ್ಲ" ಅನ್ನುವ ಉತ್ತರ ಬರುತ್ತದೆ. ಹೀಗೆ ಕೇಳಿ:

- ರಾತ್ರಿ ಪಾಳಿಯಲ್ಲಿ ಒಬ್ಬರಿಗೆ ಎಷ್ಟು ಕೈದಿಗಳು? ಅಲಾರಂ ಒತ್ತಿದರೆ ಸಹಾಯ ಬರಲು ಎಷ್ಟು ಹೊತ್ತು?
- ಪಾಳಿ ಮುಗಿದ ಮೇಲೂ ನಿಲ್ಲಿ ಅಂತ ತಿಂಗಳಿಗೆ ಎಷ್ಟು ಸಲ ಹೇಳುತ್ತಾರೆ? ಅದಕ್ಕೆ ದುಡ್ಡು ಕೊಡುತ್ತಾರಾ, ರಜೆ ಕೊಡುತ್ತಾರಾ, ಏನೂ ಇಲ್ಲವಾ?
- ಸಿಬ್ಬಂದಿ ಮೇಲೆ ಹಲ್ಲೆ ಆದಾಗ ಆಮೇಲೆ ಅವರನ್ನು ಯಾರು ನೋಡಿಕೊಂಡರು?
- ಜೊತೆ ಕೆಲಸ ಮಾಡುವವರ ತಪ್ಪನ್ನು ವರದಿ ಮಾಡಿದವರಿಗೆ ಏನಾಯಿತು?

ಕೊನೆಯ ಪ್ರಶ್ನೆ ಕೇಳಿದಾಗ ಅವರ ಮುಖ ನೋಡಿ. ಉತ್ತರ ಅಲ್ಲಿ ಸಿಗುತ್ತದೆ.

ಓದಲು ಸಿಗುವ ದಾಖಲೆಗಳೂ ಇವೆ. ಎಷ್ಟೋ ದೇಶಗಳಲ್ಲಿ ಸ್ವತಂತ್ರ ತಂಡಗಳು ಜೈಲುಗಳನ್ನು ತಪಾಸಣೆ ಮಾಡಿ ವರದಿ ಪ್ರಕಟಿಸುತ್ತವೆ. ಇಂಗ್ಲೆಂಡ್‌ನಲ್ಲಿ ಜೈಲು ಇನ್‌ಸ್ಪೆಕ್ಟರೇಟ್ ಒಂದೊಂದು ಜೈಲಿನ ವರದಿಯನ್ನೂ ಹೊರಗೆ ಹಾಕುತ್ತದೆ. ನಿಮ್ಮ ಕಡೆ ಮಾನವ ಹಕ್ಕು ಆಯೋಗದ ವರದಿ, ಕೋರ್ಟಿನ ಆದೇಶ ಇದ್ದರೆ ಹುಡುಕಿ ಓದಿ. ಎಷ್ಟು ಜನರಿಗೆ ಕಟ್ಟಿದ ಜೈಲು, ಈಗ ಎಷ್ಟು ಜನ ಇದ್ದಾರೆ ಅನ್ನುವ ಎರಡು ಅಂಕಿ ಮೊದಲು ನೋಡಿ. ಜನ ಕಿಕ್ಕಿರಿದರೆ ಬಕೆಟ್ ನೀರಿಗೂ ಜಗಳ ಬರುತ್ತದೆ, ಆ ಜಗಳದ ನಡುವೆ ನಿಲ್ಲುವವರು ನೀವು.

ಹೆಜ್ಜೆ 4: ಅರ್ಹತೆ, ದೇಹ, ಲಸಿಕೆ

ಇದನ್ನು ಬೇಗ ಮುಗಿಸೋಣ, ಯಾಕೆಂದರೆ ದೇಶ, ರಾಜ್ಯಕ್ಕೆ ತಕ್ಕಂತೆ ನಿಯಮ ಬದಲಾಗುತ್ತದೆ. ವಯಸ್ಸು, ಶಾಲಾ ಶಿಕ್ಷಣ, ಕಣ್ಣು, ಕಿವಿ, ಓಟ, ಇವುಗಳ ಅಳತೆ ನೇಮಕಾತಿ ಪ್ರಕಟಣೆಯಲ್ಲೇ ಇರುತ್ತದೆ. ವಯಸ್ಸಿನ ಮೇಲ್ಮಿತಿ ಮೊದಲು ನೋಡಿಕೊಳ್ಳಿ. ಉದಾಹರಣೆಗೆ ಅಮೆರಿಕದ ಕೇಂದ್ರ ಸರ್ಕಾರದ ಜೈಲುಗಳಿಗೆ ಸಾಮಾನ್ಯವಾಗಿ 37 ತುಂಬುವ ಮುಂಚೆ ಸೇರಬೇಕು.

ಓಟದ ಪರೀಕ್ಷೆ ಪಾಸಾಗಲು ತಯಾರಿ ಮಾಡುವವರು ಒಂದು ಮರೆಯುತ್ತಾರೆ. ಈ ಕೆಲಸದಲ್ಲಿ ಓಡುವುದಕ್ಕಿಂತ ನಿಲ್ಲುವುದು ಜಾಸ್ತಿ. ಗಂಟೆಗಟ್ಟಲೆ ಸಿಮೆಂಟ್ ನೆಲದ ಮೇಲೆ ನಿಂತು, ಮೆಟ್ಟಿಲು ಹತ್ತಿ ಇಳಿದು ಮಾಡಬೇಕು. ಹಾಗಾಗಿ ಸೊಂಟ, ಮಂಡಿ ಗಟ್ಟಿ ಮಾಡಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಸಾಮಾನ್ಯವಾಗಿ ಆರು ತಿಂಗಳಲ್ಲಿ ಮೂರು ಡೋಸ್, ಆದ್ದರಿಂದ ಈಗಲೇ ಶುರು ಮಾಡಿದರೆ ಒಳ್ಳೆಯದು. ಜೈಲಿನಲ್ಲಿ ಕ್ಷಯ ಹೊರಗಿಗಿಂತ ಜಾಸ್ತಿ ಹರಡುತ್ತದೆ. ಸೇರಿದ ಮೇಲೆ ಎರಡು ವಾರ ಬಿಡದೆ ಕೆಮ್ಮು ಬಂದರೆ ಸುಮ್ನೆ ಬಿಡಬಾರದು.

ಹೆಜ್ಜೆ 5: ಹಿನ್ನೆಲೆ ಪರಿಶೀಲನೆಗೆ ನಿಜವನ್ನೇ ಹೇಳಿ

ನಿಮ್ಮ ಮೇಲೆ ಹಳೆಯ ಕೇಸು ಇದೆಯಾ, ಸಂಬಂಧಿಕರು ಯಾರಾದರೂ ಜೈಲಿನಲ್ಲಿದ್ದಾರಾ, ಹಿಂದಿನ ಕೆಲಸ ಯಾಕೆ ಬಿಟ್ಟಿರಿ, ಸಾಲ ಎಷ್ಟಿದೆ, ಇವೆಲ್ಲ ಕೇಳಬಹುದು. ಸಾಲ ಯಾಕೆ ಕೇಳುತ್ತಾರೆ ಅಂತ ಆಶ್ಚರ್ಯವಾಗುತ್ತದೆ ಅಲ್ವಾ? ದುಡ್ಡಿನ ತಾಪತ್ರಯ ಇರುವ ಸಿಬ್ಬಂದಿಯನ್ನು ಒಲಿಸಿಕೊಳ್ಳುವುದು ಸುಲಭ. ಒಳಗೆ ಒಂದು ಮೊಬೈಲ್ ತಲುಪಿಸಿದರೆ ತಿಂಗಳ ಸಂಬಳದಷ್ಟು ಕೊಡುವವರು ಇರುತ್ತಾರೆ. ಸಾಲ ಜಾಸ್ತಿ ಇದ್ದರೆ ತೀರಿಸುವ ದಾರಿ ಮೊದಲು ಮಾಡಿಕೊಂಡು ಆಮೇಲೆ ಅರ್ಜಿ ಹಾಕಿ.

ಹಳೆಯ ಸಣ್ಣ ತಪ್ಪಿಗೆ ಎಲ್ಲ ಕಡೆ ಬಾಗಿಲು ಮುಚ್ಚುವುದಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮುಚ್ಚುತ್ತದೆ. ಸಂಬಂಧಿಕರು ಅದೇ ಜೈಲಿನಲ್ಲಿದ್ದರೆ ಮೊದಲೇ ಬರೆದುಕೊಡಿ, ಬೇರೆ ಜೈಲಿಗೆ ಹಾಕುವ ದಾರಿ ಇರುತ್ತದೆ. ಸಾಮಾಜಿಕ ಜಾಲತಾಣದಲ್ಲಿ ಮನೆಯ ಫೋಟೋ, ಮಕ್ಕಳ ಶಾಲೆ, ಗಾಡಿ ನಂಬರ್ ಕಾಣುವ ಹಾಗಿದ್ದರೆ ಈಗಲೇ ತೆಗೆಯಿರಿ. ಒಳಗಿರುವವರಿಗೆ ಹೊರಗೆ ಸ್ನೇಹಿತರಿರುತ್ತಾರೆ.

ಹೆಜ್ಜೆ 6: ಬರೆಯುವುದನ್ನು ಅಭ್ಯಾಸ ಮಾಡಿ, ಆಮೇಲೆ ಸಂದರ್ಶನ

ಈ ಕೆಲಸದಲ್ಲಿ ಇಷ್ಟು ಬರೆಯಬೇಕಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ನೀವು ಬರೆದದ್ದನ್ನು ಒಂದು ವರ್ಷ ಬಿಟ್ಟು ವಕೀಲರು ಕೋರ್ಟಿನಲ್ಲಿ ಓದಬಹುದು. ನೋಡಿ:

"ಕೈದಿ ಊಟದ ಸಮಯದಲ್ಲಿ ತುಂಬಾ ಅಸಭ್ಯವಾಗಿ ನಡೆದುಕೊಂಡ. ಅವನನ್ನು ನಿಯಂತ್ರಿಸಲಾಯಿತು."

ಇದರಿಂದ ಏನೂ ಗೊತ್ತಾಗುವುದಿಲ್ಲ. ಅದನ್ನೇ ಹೀಗೆ ಬರೆದರೆ:

"ಮಧ್ಯಾಹ್ನ 12:40. ಕೈದಿ ಊಟದ ತಟ್ಟೆಯನ್ನು ನನ್ನ ಎಡಗಡೆಯ ಗೋಡೆಗೆ ಎಸೆದ. ನನಗೆ ತಗುಲಲಿಲ್ಲ. 'ನನ್ನ ಔಷಧಿ ಎಲ್ಲಿ' ಎಂದು ಎರಡು ಸಲ ಕೂಗಿದ. ಹಿಂದೆ ಸರಿದು ಗೋಡೆಗೆ ಮುಖ ಮಾಡಿ ನಿಲ್ಲಲು ಹೇಳಿದೆ. ನಿಂತ. ಮುಟ್ಟಲಿಲ್ಲ. 12:50ಕ್ಕೆ ನರ್ಸ್‌ಗೆ ತಿಳಿಸಿದೆ. ಬೆಳಗಿನ ಔಷಧಿ ಅವನಿಗೆ ತಲುಪಿರಲಿಲ್ಲ."

ಕೊನೆಯ ಸಾಲು ನೋಡಿ. ಆ ಸಾಲು ಇಲ್ಲದಿದ್ದರೆ ಅವನು ಸುಮ್ನೆ ರೇಗಾಡಿದವನಾಗುತ್ತಿದ್ದ. ದಿನಾ ಬಸ್ ನಿಲ್ದಾಣದಲ್ಲೋ ರಸ್ತೆಯಲ್ಲೋ ನೀವು ಕಂಡ ಒಂದು ಘಟನೆಯನ್ನು, ಕಂಡ ಹಾಗೆಯೇ ಹತ್ತು ಸಾಲು ಬರೆಯಿರಿ. ಸಮಯ, ಯಾರು, ಏನು ಮಾಡಿದರು, ಏನು ಹೇಳಿದರು. ನಿಮ್ಮ ಅಭಿಪ್ರಾಯ ಬೇಡ.

ಸಂದರ್ಶನದಲ್ಲಿ ಸನ್ನಿವೇಶ ಕೊಟ್ಟು ಕೇಳುವುದು ಸಾಮಾನ್ಯ. "ಇಬ್ಬರು ಕೈದಿಗಳು ಹೊಡೆದಾಡುತ್ತಿದ್ದಾರೆ, ನೀವೊಬ್ಬರೇ ಇದ್ದೀರಿ" ಅಂದರೆ, ನಡುವೆ ಹಾರುತ್ತೇನೆ ಅನ್ನುವುದು ಧೈರ್ಯದ ಉತ್ತರವಾಗಿ ಕಾಣುತ್ತದೆ, ಆದರೆ ತಪ್ಪು. ಮೊದಲು ಅಲಾರಂ, ನಂತರ ದೂರದಿಂದ ಗಟ್ಟಿಯಾಗಿ "ನಿಲ್ಲಿಸಿ" ಅನ್ನುವ ಆದೇಶ, ಉಳಿದವರನ್ನು ಹಿಂದೆ ಕಳಿಸುವುದು. ಹೊಡೆದಾಟವೇ ನಾಟಕ ಆಗಿರಬಹುದು, ನಿಮ್ಮನ್ನು ಹತ್ತಿರ ಕರೆಯಲು. "ಯಾರಿಗೂ ಹೇಳಬೇಡಿ, ನನಗೆ ಬದುಕೋದು ಬೇಡ ಅನಿಸಿದೆ ಅಂತ ಕೈದಿ ಹೇಳಿದರೆ?" ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಬಾರದು. "ಹೇಳಿದ್ದು ಒಳ್ಳೆಯದಾಯಿತು, ಆದರೆ ಇದನ್ನು ನಾನೊಬ್ಬನೇ ಇಟ್ಟುಕೊಳ್ಳುವ ಹಾಗಿಲ್ಲ" ಅಂತ ಅವನಿಗೇ ಹೇಳಿ, ಅವನನ್ನು ಒಂಟಿಯಾಗಿ ಬಿಡದೆ ವೈದ್ಯಕೀಯ ಸಿಬ್ಬಂದಿಯನ್ನು ಕರೆಸಬೇಕು. "ನಿಮ್ಮ ಜೊತೆಗಾರ ಒಳಗೆ ಮೊಬೈಲ್ ತಂದದ್ದು ನೋಡಿದಿರಿ" ಅಂದರೆ ಉತ್ತರ ಒಂದೇ, ವರದಿ ಮಾಡುವುದು. ಇದನ್ನು ಹೇಳುವಾಗ ತಡವರಿಸುತ್ತೀರಿ ಅಂದರೆ ಎರಡನೇ ಹೆಜ್ಜೆಗೆ ವಾಪಸ್ ಹೋಗಿ.

ಹೆಜ್ಜೆ 7: ತರಬೇತಿಯಲ್ಲಿ ಯಾವುದರ ಮೇಲೆ ಗಮನ ಇಡಬೇಕು

ತರಬೇತಿ ಎಲ್ಲ ಕಡೆ ಒಂದೇ ಥರ ಇಲ್ಲ. ನಾರ್ವೆಯಲ್ಲಿ ಎರಡು ವರ್ಷ ಓದಿಸುತ್ತಾರೆ, ಓದುವಾಗಲೇ ಸಂಬಳ ಕೊಡುತ್ತಾರೆ. ಕೆಲವು ದೇಶಗಳಲ್ಲಿ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ. ನಿಮಗೆ ಸಿಗುವುದು ಚಿಕ್ಕ ತರಬೇತಿ ಅಂತಾದರೆ ನೀವೇ ಜಾಸ್ತಿ ಓದಬೇಕು.

ಮೊದಲು ಓದಬೇಕಾದದ್ದು ನೆಲ್ಸನ್ ಮಂಡೇಲಾ ನಿಯಮಗಳು. ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ 1955ರಲ್ಲಿ ಮಾಡಿದ್ದ ನಿಯಮಗಳನ್ನು ವಿಶ್ವಸಂಸ್ಥೆ 2015ರಲ್ಲಿ ತಿದ್ದಿ, 27 ವರ್ಷ ಜೈಲಿನಲ್ಲಿದ್ದ ಮಂಡೇಲಾ ಅವರ ಹೆಸರಿಟ್ಟಿತು. ಒಟ್ಟು 122 ನಿಯಮಗಳು. ಬಲಪ್ರಯೋಗ ಯಾವಾಗ ಅಂತ 82ನೇ ನಿಯಮ ಹೇಳುತ್ತದೆ. ಆತ್ಮರಕ್ಷಣೆಗೆ, ತಪ್ಪಿಸಿಕೊಳ್ಳುವುದನ್ನು ತಡೆಯಲು, ಕಾನೂನುಬದ್ಧ ಆದೇಶಕ್ಕೆ ಮೈಯಿಂದ ಅಡ್ಡಿ ಮಾಡಿದಾಗ, ಅದೂ ಎಷ್ಟು ಬೇಕೋ ಅಷ್ಟೇ, ಆಮೇಲೆ ತಕ್ಷಣ ವರದಿ. ಒಬ್ಬರನ್ನು ಸತತ 15 ದಿನಕ್ಕಿಂತ ಹೆಚ್ಚು ಒಂಟಿ ಸೆರೆಯಲ್ಲಿ ಇಡಬಾರದು ಅಂತಲೂ ಇದೆ. ಮಹಿಳಾ ಕೈದಿಗಳ ವಿಭಾಗಕ್ಕೆ ಗಂಡಸು ಸಿಬ್ಬಂದಿ ಮಹಿಳಾ ಸಿಬ್ಬಂದಿಯ ಜೊತೆಗೆ ಮಾತ್ರ ಹೋಗಬೇಕು. ನಿಮ್ಮ ದೇಶದ ಜೈಲು ಕೈಪಿಡಿಯನ್ನು ಇದರ ಪಕ್ಕದಲ್ಲಿಟ್ಟು ಓದಿ.

ಪಟ್ಟು ಹಾಕುವುದನ್ನು ಎಲ್ಲರೂ ಹುಮ್ಮಸ್ಸಿನಿಂದ ಕಲಿಯುತ್ತಾರೆ. ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ತೂಕಡಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಪಟ್ಟು ಬೇಕಾಗುವ ದಿನ ಕಡಿಮೆ, ಎದೆ ಒತ್ತಿ ಜೀವ ಉಳಿಸಬೇಕಾದ ದಿನ ಯಾವತ್ತಾದರೂ ಬರುತ್ತದೆ. ತಪಾಸಣೆ ಕಲಿಯುವಾಗ ಒಂದು ಮಾತು ನೆನಪಿರಲಿ, ಕಣ್ಣಿಗೆ ಕಾಣದ ಜಾಗಕ್ಕೆ ಕೈ ಹಾಕಬಾರದು. ದಿಂಬಿನ ಒಳಗೆ, ಹಾಸಿಗೆಯ ಹೊಲಿಗೆಯಲ್ಲಿ ಸೂಜಿ, ಬ್ಲೇಡ್ ಇರಬಹುದು. ಹಾಗೆಯೇ ತಪಾಸಣೆ ಮುಗಿದ ಮೇಲೆ ಅವನ ಮಗಳ ಫೋಟೋ ಇದ್ದ ಜಾಗದಲ್ಲೇ ವಾಪಸ್ ಇಡಿ. ನೆಲದ ಮೇಲೆ ಎಸೆದು ಬಂದರೆ, ಆ ಸಿಟ್ಟು ಮುಂದಿನ ಪಾಳಿಯವರ ಮೇಲೆ ಇಳಿಯುತ್ತದೆ.

ಹೆಜ್ಜೆ 8: ಮೊದಲ ಆರು ತಿಂಗಳು

ಈಗ ಆ ಫೋನ್ ಕೇಳಿದವನ ಹತ್ತಿರ ವಾಪಸ್ ಬರೋಣ.

ಕೊಟ್ಟುಬಿಟ್ಟರೆ ನಾಳೆ ಹತ್ತು ಜನ ಬರುತ್ತಾರೆ. "ಅವನಿಗೆ ಕೊಟ್ಟಿರಿ, ನನಗೆ ಯಾಕಿಲ್ಲ?" ಅನ್ನುವುದಕ್ಕೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. "ಏಯ್, ಟೈಮ್ ಮುಗೀತು, ಹೋಗೋ" ಅಂದರೆ 60 ಜನರ ಮುಂದೆ ಅವನ ಮರ್ಯಾದೆ ಹೋಯಿತು. ಜೈಲಿನಲ್ಲಿ ಮನುಷ್ಯನ ಹತ್ತಿರ ಉಳಿದಿರುವುದು ಅದೊಂದೇ. ಒಳ್ಳೆಯ ಸಿಬ್ಬಂದಿ ಹೇಳುವುದು ಹೀಗಿರುತ್ತದೆ: "ಫೋನ್ ಟೈಮ್ ಮುಗೀತು, ಈಗ ಕೊಡೋಕಾಗಲ್ಲ. ಅಮ್ಮನಿಗೆ ಏನಾಗಿದೆ? ಆಸ್ಪತ್ರೆಲಿದ್ದಾರಾ? ಹಾಗಾದ್ರೆ ತುರ್ತು ಕರೆಗೆ ಸಾಹೇಬರ ಅನುಮತಿ ಬೇಕು. ನಾನು ಐದು ಗಂಟೆ ಒಳಗೆ ಕೇಳಿ ಬಂದು ಹೇಳ್ತೀನಿ." ಆಮೇಲೆ ನಿಜವಾಗಿಯೂ ಹೋಗಿ ಕೇಳಬೇಕು. ಐದು ಗಂಟೆಯ ಒಳಗೆ ಬಂದು ಹೇಳಬೇಕು. ಅನುಮತಿ ಸಿಗದಿದ್ದರೂ ಬಂದು ಹೇಳಬೇಕು. ಮರೆತರೆ ಆವತ್ತಿನಿಂದ ನಿಮ್ಮ ಮಾತಿಗೆ ಆ ಬ್ಯಾರಕ್‌ನಲ್ಲಿ ಬೆಲೆ ಇಲ್ಲ. ಅದಕ್ಕೇ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಯಾರಿಗೆ ಏನು ಹೇಳಿದ್ದೀರಿ ಅಂತ ಬರೆದುಕೊಂಡು, ಮನೆಗೆ ಹೋಗುವ ಮುಂಚೆ ಒಂದೊಂದಾಗಿ ಹೊಡೆದು ಹಾಕಿ.

ಹೊಸಬರನ್ನು ಒಲಿಸಿಕೊಳ್ಳುವ ದಾರಿ ಯಾವಾಗಲೂ ಚಿಕ್ಕದರಿಂದಲೇ ಶುರುವಾಗುತ್ತದೆ. ಮೊದಲು ಹೊಗಳಿಕೆ: "ನಿಮ್ಮಂಥ ಸಾರ್ ಇಲ್ಲಿಗೆ ಬಂದೇ ಇಲ್ಲ." ಆಮೇಲೆ ಒಂದು ಪೆನ್ನು. ಇನ್ನೊಂದು ದಿನ, "ಈ ಕಾಗದ ಒಂದು ಹೊರಗೆ ಪೋಸ್ಟ್ ಮಾಡಿ ಸಾರ್, ಒಳಗೆ ಕೊಟ್ರೆ ತಡ ಆಗುತ್ತೆ." ಕಾಗದದಲ್ಲಿ ಏನೂ ಇರುವುದಿಲ್ಲ, ಹೆಂಡತಿಗೆ ನಾಲ್ಕು ಸಾಲು. ಆದರೆ ನಿಯಮ ಮುರಿದಿದ್ದೀರಿ, ಅದು ಅವನಿಗೆ ಗೊತ್ತು. ಮೂರನೆಯ ಸಲ ಅವನು ಕೇಳುವುದಿಲ್ಲ, ಹೇಳುತ್ತಾನೆ. "ಆ ಕಾಗದದ ವಿಷಯ ಸಾಹೇಬರಿಗೆ ಗೊತ್ತಾದ್ರೆ ನಿಮಗೇ ಕಷ್ಟ ಅಲ್ವಾ ಸಾರ್?"

ನೀವು ಇಲ್ಲಿಯ ತನಕ ಬಂದುಬಿಟ್ಟಿದ್ದರೆ ಒಂದೇ ದಾರಿ. ಅದೇ ದಿನ ಮೇಲಧಿಕಾರಿಯ ಹತ್ತಿರ ಹೋಗಿ ಎಲ್ಲ ಹೇಳಿಬಿಡಿ. ಕಾಗದದ ತಪ್ಪಿಗೆ ಬೈಗುಳ ಸಿಗಬಹುದು, ನೋಟಿಸ್ ಸಿಗಬಹುದು. ಮುಚ್ಚಿಟ್ಟರೆ ಮುಂದೆ ತರಲು ಹೇಳುವುದು ಮೊಬೈಲ್, ಡ್ರಗ್ಸ್. ಆಗ ನೀವೇ ಕೈದಿ ಆಗುತ್ತೀರಿ.

ಹೆಸರು ಕಲಿಯಿರಿ. ನಂಬರ್ ಕೂಗುವುದಕ್ಕಿಂತ ಹೆಸರು ಹಿಡಿದು ಕರೆದರೆ ಅರ್ಧ ಜಗಳ ಶುರುವೇ ಆಗುವುದಿಲ್ಲ. ನಿಮ್ಮ ಮನೆ, ಮಕ್ಕಳು, ಯಾವ ದಾರಿಯಲ್ಲಿ ಬರುತ್ತೀರಿ ಅನ್ನುವುದನ್ನು ಮಾತ್ರ ಹೇಳಬೇಡಿ. ಕ್ರಿಕೆಟ್, ಮಳೆ, ಅವನ ಕೇಸಿನ ಮುಂದಿನ ತಾರೀಖು, ಮಾತಿಗೆ ಬೇಕಾದಷ್ಟಿದೆ.

"ಟ್ರೈನಿಂಗ್‌ನಲ್ಲಿ ಹೇಳಿದ್ದೆಲ್ಲ ಮರೆತುಬಿಡು, ಇಲ್ಲಿ ಕೆಲಸ ಬೇರೆ ಥರ" ಅನ್ನುವ ಹಿರಿಯರು ಸಿಕ್ಕೇ ಸಿಗುತ್ತಾರೆ. ಅವರ ಹತ್ತಿರ ಕಲಿಯುವುದು ತುಂಬಾ ಇರುತ್ತದೆ. ಯಾರ ಮುಖ ಯಾವಾಗ ಕೆಡುತ್ತದೆ ಅನ್ನುವುದು ಅವರಿಗೇ ಗೊತ್ತು. ಅದನ್ನು ಕಲಿಯಿರಿ. ಎಣಿಕೆ ಮಾಡದೆ ಮಾಡಿದ್ದೇನೆ ಅಂತ ಪುಸ್ತಕದಲ್ಲಿ ಸಹಿ ಹಾಕುವುದನ್ನು ಕಲಿಯಬೇಡಿ. ಒಂದು ಸಾವಾದ ರಾತ್ರಿ ಎಲ್ಲರೂ ಮೊದಲು ತೆಗೆಯುವುದು ಅದೇ ಪುಸ್ತಕ.

ಹೆಜ್ಜೆ 9: ಮನೆಯವರ ಜೊತೆ ಈಗಲೇ ಮಾತಾಡಿ

ಸೇರಿದ ಮೇಲೆ ಅಲ್ಲ, ಅರ್ಜಿ ಹಾಕುವ ಮುಂಚೆ. ಪಾಳಿ ಬದಲಾಗುತ್ತಿರುತ್ತದೆ, ಕೆಲವು ಕಡೆ 12 ಗಂಟೆ ಇರುತ್ತದೆ. ಹಗಲು ನೀವು ಮಲಗುವಾಗ ಮನೆ ಸುಮ್ಮನಿರಬೇಕು. ಕತ್ತಲೆ ಕೋಣೆ, ದಪ್ಪ ಪರದೆ ಬೇಕು. ರಾತ್ರಿ ಪಾಳಿಯ ಕೊನೆಯ ಭಾಗದಲ್ಲಿ ಕಾಫಿ, ಟೀ ಕುಡಿಯಬೇಡಿ. ಒಳಗೆ ಹೋದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಬೆಳಿಗ್ಗೆ ಮಲಗಿದರೂ ಕಣ್ಣು ಮುಚ್ಚುವುದಿಲ್ಲ.

ನಿದ್ದೆಗಿಂತ ಕಷ್ಟದ್ದು ಇನ್ನೊಂದಿದೆ. ದಿನವಿಡೀ ಅನುಮಾನದಿಂದ ನೋಡಿ ನೋಡಿ, ಮನೆಯಲ್ಲೂ ಹಾಗೇ ನೋಡಲು ಶುರು ಮಾಡುತ್ತೀರಿ. ಮಗ ಬಾಗಿಲು ಹಾಕಿಕೊಂಡರೆ ಒಳಗೆ ಏನು ಮಾಡುತ್ತಿದ್ದಾನೆ ಅನ್ನುವ ಯೋಚನೆ. ಹೋಟೆಲಿನಲ್ಲಿ ಗೋಡೆಗೆ ಬೆನ್ನು ಹಾಕಿಯೇ ಕೂರುವುದು. ಹೆಂಡತಿಗೋ ಗಂಡನಿಗೋ ಆದೇಶ ಕೊಟ್ಟ ಹಾಗೆ ಮಾತಾಡುವುದು. ಇದು ನಿಮಗೆ ಗೊತ್ತಾಗುವುದಿಲ್ಲ, ಮನೆಯವರಿಗೆ ಗೊತ್ತಾಗುತ್ತದೆ. ಹಾಗಾಗಿ ಅವರಿಗೆ ಮೊದಲೇ ಹೇಳಿಡಿ: "ನಾನು ಬದಲಾಗ್ತಿದ್ದೀನಿ ಅನಿಸಿದ್ರೆ ಹೇಳಿ, ಸಿಟ್ಟು ಮಾಡ್ಕೊಳ್ಳಲ್ಲ." ಹೇಳಿದಾಗ ನಿಜವಾಗಿಯೂ ಸಿಟ್ಟು ಮಾಡಿಕೊಳ್ಳಬೇಡಿ.

ಒಳಗೆ ನೋಡಿದ್ದನ್ನು ಹೇಳಿಕೊಳ್ಳಲು ಒಬ್ಬರು ಬೇಕು. ಜೊತೆ ಕೆಲಸ ಮಾಡುವವರು, ಆಪ್ತ ಸಮಾಲೋಚಕರು, ಹಳೆಯ ಸ್ನೇಹಿತರು, ಯಾರಾದರೂ ಸರಿ. ಸಾವು ನೋಡಿದ ಮೇಲೆ, ಹಲ್ಲೆ ಆದ ಮೇಲೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಅದೇ ದೃಶ್ಯ ಪದೇ ಪದೇ ಕಣ್ಣಿಗೆ ಬಂದರೆ ಡಾಕ್ಟರ ಹತ್ತಿರ ಹೋಗಿ. ಮರೆಯಲು ಕುಡಿತ ಶುರು ಮಾಡಿದವರ ಕಥೆ ಆ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಸಿಗುತ್ತದೆ.

ಹೆಜ್ಜೆ 10: ತೀರ್ಮಾನ

ಬೇಡ ಅನಿಸಿದರೆ, ಆದರೆ ಕೈದಿಗಳ ಜೊತೆ ಕೆಲಸ ಮಾಡುವ ಆಸೆ ಉಳಿದಿದ್ದರೆ, ಬೇರೆ ದಾರಿಗಳಿವೆ. ಜೈಲಿನ ಶಿಕ್ಷಕರು, ನರ್ಸ್, ಆಪ್ತ ಸಮಾಲೋಚಕರು, ಬಿಡುಗಡೆಯಾದವರ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿ, ಉಚಿತ ಕಾನೂನು ನೆರವಿನ ಕೆಲಸ. ಅವರಿಗೂ ಒಳಗೆ ಹೋಗುವ ಅವಕಾಶ ಇದೆ, ಕಾವಲಿನ ಕೆಲಸ ಮಾತ್ರ ಇರುವುದಿಲ್ಲ. ಎಷ್ಟೋ ಜನರಿಗೆ ಅದೇ ಒಗ್ಗುತ್ತದೆ.

ಬೇಕು ಅನಿಸಿದರೆ ಬಿಡುವುದು ಯಾವಾಗ ಅಂತಲೂ ಈಗಲೇ ಬರೆದಿಡಿ. ನನ್ನ ಪ್ರಕಾರ ಎರಡು ಗುರುತು ಸಾಕು. ಒಬ್ಬ ಕೈದಿಗೆ ನೋವಾದಾಗ ಖುಷಿ ಅನಿಸಿತು ಅಂದರೆ, ಅಥವಾ ನೋಡಿದ ತಪ್ಪನ್ನು ಮುಚ್ಚಿಡಲು ಸಹಿ ಹಾಕಿ ಅಂತ ಮೇಲಿನವರೇ ಹೇಳಿ, ಕೇಳುವವರು ಯಾರೂ ಇಲ್ಲ ಅಂತಾದರೆ. ಎರಡನೇ ಹೆಜ್ಜೆಯಲ್ಲಿ ಬರೆದ ಆ ಹಾಳೆಯ ಹಿಂದೆಯೇ ಇದನ್ನೂ ಬರೆದು, ತಾರೀಖು ಹಾಕಿ ಎತ್ತಿಡಿ. ಆರು ತಿಂಗಳಿಗೊಮ್ಮೆ ತೆಗೆದು ಓದಿ.

ಆಮೇಲೆ ಅರ್ಜಿ ತುಂಬಿ. ಮೊದಲ ಸಲ ಆಯ್ಕೆ ಆಗದಿದ್ದರೆ ಯಾವ ಹಂತದಲ್ಲಿ ಬಿದ್ದಿರಿ ಅಂತ ವಿಚಾರಿಸಿ. ಓಟದಲ್ಲಿ ಬಿದ್ದಿದ್ದರೆ ಮುಂದಿನ ಸಲಕ್ಕೆ ಸರಿಮಾಡಿಕೊಳ್ಳಬಹುದು. ಸಂದರ್ಶನದಲ್ಲಿ ಬಿದ್ದಿದ್ದರೆ ಕೇಳಿದ ಪ್ರಶ್ನೆಗಳನ್ನು ಅವತ್ತೇ ಬರೆದುಕೊಂಡು, ಮೂರನೇ ಹೆಜ್ಜೆಯಲ್ಲಿ ಮಾತಾಡಿಸಿದ ಆ ಇಬ್ಬರ ಮುಂದೆ ಮತ್ತೆ ಕೂತು, ಅವರಾಗಿದ್ದರೆ ಏನು ಹೇಳುತ್ತಿದ್ದರು ಅಂತ ಕೇಳಿ.